ಎಡಗಡೆಯ ಮೊರ

"ಅತ್ತೆ, ಬೆಳಿಗ್ಗೆ ಮೊರ ಎರಡನ್ನೂ ಅದಲುಬದಲು ಮಾಡಿಟ್ಟೆ. ಮಲ್ಲಿಗೆಗೆ ಬಿಸಿಲೇ ಬೀಳ್ತಿರಲಿಲ್ಲ," ಎಂದಳು ಸೊಸೆ, ಬಟ್ಟೆ ಹಿಂಡುತ್ತ.

ಮದ್ದಿನಮ್ಮ ಬೆಚ್ಚಿ ತಿರುಗಿದಳು. ಮನೆಮದ್ದು ಕೊಡುವ ಆಕೆಯನ್ನು ಬೀದಿಯವರೆಲ್ಲ ಕರೆಯುತ್ತಿದ್ದುದೇ ಹಾಗೆ. ಹಿತ್ತಲಿನ ಕಟ್ಟೆಯ ಮೇಲೆ ಎಡಗಡೆಯ ಮೊರದಲ್ಲಿ ಮಲ್ಲಿಗೆ ಹೂವಿನ ಪುಡಿ, ಬಲಗಡೆಯದರಲ್ಲಿ ಬಿಳಿ ಕಣಗಿಲೆಯ ಪುಡಿ; ಇದು ಮೂವತ್ತು ವರ್ಷದ ಕ್ರಮ. ಮಲ್ಲಿಗೆ, ನಿದ್ದೆ ಬಾರದವರ ಕಷಾಯಕ್ಕೆ. ಕಣಗಿಲೆ, ತುರಿಕೆಯ ಎಣ್ಣೆಗೆ ಮಾತ್ರ. ಹೊಟ್ಟೆಗೆ ಹೋದರೆ ವಿಷ. ಒಣಗಿಸಿ ತಿಕ್ಕಿ ಪುಡಿ ಮಾಡಿದ ಮೇಲೆ ಎರಡೂ ಒಂದೇ ಕಂದು ಬಣ್ಣ. ಮೂಸಿ ನೋಡಿಯೇ ಪೊಟ್ಟಣ ಕಟ್ಟಬೇಕು. ಚೀಟಿ ಅಂಟಿಸೋಣ ಎಂದು ಸೊಸೆ ಹೇಳಿದಾಗಲೆಲ್ಲ, "ನನ್ನ ಮೂಗಿಗಿಂತ ನಿನ್ನ ಚೀಟಿ ದೊಡ್ಡದೇನೇ?" ಎಂದು ಗದರಿ ಬಾಯಿ ಮುಚ್ಚಿಸುತ್ತಿದ್ದಳು.

ಆದರೆ ಆ ಮೂಗು ಸತ್ತು ಆರು ತಿಂಗಳಾಗಿತ್ತು. ಬಂದ ಜ್ವರ ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಗಿತ್ತು. ಬಾಯಿ ಬಿಟ್ಟರೆ ಮದ್ದಿನಮ್ಮನ ಕತೆ ಮುಗಿದಂತೆ, ಆಮೇಲೆ ಯಾರು ಬಾಗಿಲಿಗೆ ಬರುತ್ತಾರೆ? ಅದಕ್ಕೇ ಜನರೆದುರು ಮೂಸುವ ನಾಟಕ. ಕೈ ಹೋಗುತ್ತಿದ್ದುದು ಮೊರ ಎಡದ್ದೋ ಬಲದ್ದೋ ಎಂದು ನೋಡಿಕೊಂಡು. ಈಗ ಅರ್ಧ ಗಂಟೆಯ ಹಿಂದೆ ಮೂರನೇ ಮನೆಯ ಟೈಲರಿಗೆ ಎಡಗಡೆಯ ಮೊರದಿಂದಲೇ ಕಟ್ಟಿಕೊಟ್ಟಿದ್ದಳು. ರಾತ್ರಿಯೆಲ್ಲ ನಿದ್ದೆಯಿಲ್ಲ ಎಂದವನಿಗೆ, ಮಧ್ಯಾಹ್ನ ಊಟವಾದ ಕೂಡಲೇ ಕುಡಿದು ಮಲಗು ಎಂದೂ ಹೇಳಿದ್ದಳು.

ಚಪ್ಪಲಿ ಮೆಟ್ಟುವಷ್ಟೂ ವ್ಯವಧಾನವಿರಲಿಲ್ಲ. ಅರವತ್ತೇಳರ ಮೊಣಕಾಲು ಕಟ್ಟಿಕೊಂಡು ಆಕೆ ಓಡಿದಳು.

ಟೈಲರ್ ಮಿಷಿನ್ ಮುಂದೆ ಕೂತಿದ್ದ. ಕೊರಳಲ್ಲಿ ಟೇಪು, ಕೈಯಲ್ಲಿ ಲೋಟ.

"ಕುಡೀಬೇಡಪ್ಪಾ. ಕೆಳಗಿಡು."

"ಯಾಕಮ್ಮಾ? ಆರಲಿ ಅಂತ ಈಗಷ್ಟೇ ಊದ್ತಿದ್ದೆ. ಎಷ್ಟು ಘಮ್ ಅಂತಿದೆ ನೋಡಿ," ಎಂದು ಲೋಟವನ್ನು ಅವಳ ಮೂಗಿನ ಕೆಳಗೇ ಹಿಡಿದ.

ಹಬೆ ಮುಖಕ್ಕೆ ಬಡಿಯಿತು. ವಾಸನೆ ಮಾತ್ರ ಸೊನ್ನೆ. ಕಣಗಿಲೆಗೂ ಪರಿಮಳವಿದೆ, ಬಟ್ಟೆ ಹೊಲಿಯುವವನಿಗೆ ಆ ಭೇದವೆಲ್ಲ ಎಲ್ಲಿ ಗೊತ್ತಾಗಬೇಕು? ಪುಡಿ ಹಳೆಯದಾಗಿದೆ, ಬೇರೆ ಕೊಡ್ತೀನಿ ಎಂದು ಜಾರಿಕೊಳ್ಳಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಇವತ್ತು ಇವನು ಉಳಿದ, ನಾಳೆ ಇನ್ಯಾರೋ? ಹಾಳು ಮರ್ಯಾದೆ ಎಂದುಕೊಂಡವಳೇ ಲೋಟ ಕಿತ್ತು ಮೋರಿಗೆ ಚೆಲ್ಲಿದಳು.

"ನನಗೆ ವಾಸನೆ ಬರಲ್ಲಪ್ಪಾ. ಆರು ತಿಂಗಳಾಯ್ತು. ನಿನಗೆ ಏನು ಕೊಟ್ಟಿದ್ದೀನೋ ನನಗೇ ಗೊತ್ತಿಲ್ಲ."

ಟೈಲರ್ ಗಾಬರಿಯಿಂದ ತುಟಿ ಒರೆಸಿಕೊಂಡ.

"ಮಲ್ಲಿಗೆನೇ ಕೊಟ್ಟಿದ್ದೀರಿ." ಬಾಗಿಲಲ್ಲಿ ಸೊಸೆ ನಿಂತಿದ್ದಳು, ಕೈಯಲ್ಲಿ ಅತ್ತೆಯ ಚಪ್ಪಲಿ. "ನಾನು ಮೊರ ಮುಟ್ಟೇ ಇಲ್ಲ."

"ಮತ್ತೆ ಹಾಗಂದೆಯಲ್ಲೇ?"

"ಮೊನ್ನೆ ಹಾಲು ಸೀದು ಮನೆಯೆಲ್ಲ ನಾತ ತುಂಬಿದ್ರೂ ನೀವು ಒಲೆ ಪಕ್ಕದಲ್ಲೇ ಕೂತಿದ್ರಿ. ಕೇಳಿದ್ರೆ ಒಪ್ಕೊಳ್ತಿದ್ರಾ? ಮೂಗು ನೆಟ್ಟಗಿದ್ದಿದ್ರೆ ಹೀಗೆ ಓಡಿ ಬರ್ತಿರಲಿಲ್ಲ. ಮೂಸಿಯೇ ಕೊಟ್ಟಿದ್ದೀನಿ ಅಂತ ನನ್ನನ್ನೇ ಬೈತಿದ್ರಿ."

ಮದ್ದಿನಮ್ಮನಿಗೆ ಮೈಯೆಲ್ಲ ಉರಿಯಿತು. ಎರಡು ಬಾರಿಸಬೇಕೆನ್ನುವಷ್ಟು ಸಿಟ್ಟು. ಅದರ ಬೆನ್ನಿಗೇ, ಬದುಕಿದೆಯಾ ಬಡಜೀವವೇ ಎನ್ನುವ ನೆಮ್ಮದಿ. ಅಲ್ಲೇ ಇದ್ದ ಬಟ್ಟೆಯ ಗಂಟಿನ ಮೇಲೆ ಕೂತಳು.

"ಪೊಟ್ಟಣದಲ್ಲಿ ಇನ್ನೂ ಉಳಿದಿದೆಯೇನಪ್ಪಾ?"

ಟೈಲರ್ ಹೆದರುತ್ತಲೇ ಚಾಚಿದ. ಅಭ್ಯಾಸಬಲದಿಂದ ಆಕೆ ಅದನ್ನು ಮೂಗಿನ ಹತ್ತಿರ ಒಯ್ದಳು, ಅರ್ಧದಲ್ಲೇ ನಿಲ್ಲಿಸಿ ಸೊಸೆಯತ್ತ ಹಿಡಿದಳು.

"ತಗೋ, ನೀನೇ ಮೂಸಿ ಹೇಳು."