ಯಾರಿಗೂ ಕಾಯದ ಹಾಡು

ಹಾಡಿನ ವಿಡಿಯೋ ಸಂಕಲನ ಮುಗಿದ ದಿನ ನಿರ್ದೇಶಕನ ಮುಖ ಊರಗಲವಾಗಿತ್ತು. "ನೋಡು, ಜೇನು ಸುರಿದ ಹಾಗಿದೆ!" ಎಂದು ಪರದೆಯತ್ತ ಕೈ ತೋರಿಸಿದ. ಪಕ್ಕದಲ್ಲಿದ್ದ ಗುಬ್ಬಿ ಅದನ್ನು ಮತ್ತೆ ಮೊದಲಿನಿಂದ ಓಡಿಸಿದಳು. ಕ್ಯಾಮೆರಾ ಹಿಡಿದವಳೂ ಅವಳೇ, ತುಣುಕುಗಳನ್ನು ಕತ್ತರಿಸಿ ಜೋಡಿಸಿದವಳೂ ಅವಳೇ. ಆಳು ಗಿಡ್ಡ, ಮನೆಯವರು ಕರೆಯುತ್ತಿದ್ದ ಅಡ್ಡಹೆಸರು ಸ್ಟುಡಿಯೋದಲ್ಲೂ ಅಂಟಿಕೊಂಡಿತ್ತು.

ಹಾಡಿನ ದನಿ ಅವಳನ್ನು ಸಾಕಿದ ದೊಡ್ಡಮ್ಮನದು. ದೊಡ್ಡಮ್ಮನಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ. ಅಲ್ಲಿ ಇಬ್ಬಿಬ್ಬರು ಹೆಂಗಸರು ಒದ್ದೆ ಬಟ್ಟೆಯ ಎರಡು ತುದಿ ಹಿಡಿದು ಹಿಂಡುತ್ತಾ, ಅಜ್ಜಿಯರ ಕಾಲದ ಜನಪದ ಹಾಡೊಂದನ್ನು ಹೇಳುತ್ತಿದ್ದರು:

"ಕದವ ಹಾಕಿದರೆ ಹಾಕಿ, ಅಗಳಿ ಜಡಿದರೆ ಜಡಿ,
ಗೋಡೆ ಒಡೆದು ಬರುತೇನೆ, ದಾರಿ ಬಿಡಿರೋ ಬಿಡಿ!"

ನಿರ್ದೇಶಕ ಇದನ್ನು ಕೇಳಿ ಮರುಳಾಗಿ ದೊಡ್ಡಮ್ಮನಿಂದ ಹಾಡಿಸಿದ್ದ. "ಚಿತ್ರ ನೋಡಿ ಒಪ್ಪಿದ ಮೇಲೆಯೇ ನನ್ನ ದನಿ ಹಾಕ್ಬೇಕು" ಎಂದು ಆಕೆ ಎಲ್ಲರೆದುರೇ ಹೇಳಿದ್ದಳು. ಅವನು ನಕ್ಕು ಆಗಲಿ ಎಂದಿದ್ದ. ಪರದೆಯ ಮೇಲೆ ತುಟಿ ಆಡಿಸುವುದಕ್ಕೆ ಮಾತ್ರ ಹಾಲುಗೆನ್ನೆಯ ಹುಡುಗಿಯೊಬ್ಬಳನ್ನು ಕರೆತಂದ.

ಅವಳನ್ನು ಸಂಜೆ ಬಿಸಿಲಿನಲ್ಲಿ ನಿಲ್ಲಿಸಿದ್ದರು. ಆ ಬಿಸಿಲು ಸಾಲದೆಂದು ನಿರ್ದೇಶಕ ಸಂಕಲನದಲ್ಲಿ ಗುಬ್ಬಿಯ ಕೈಲಿ ಮೇಲಿಂದ ಇನ್ನಷ್ಟು ಹಳದಿ ಬಳಿಸಿದ್ದ. ಕೂದಲು ನಿಧಾನವಾಗಿ ತೇಲಬೇಕು, ಹಿಂದಿನದೆಲ್ಲ ಮಸುಕಾಗಬೇಕು. ಕ್ಯಾಮೆರಾ ಎತ್ತರದಿಂದ ನೋಡುವಾಗ ಹುಡುಗಿ ಪುಟ್ಟದಾಗಿ, ಕಣ್ಣು ಮೇಲೆತ್ತಿ, ಯಾರನ್ನೋ ಬೇಡುವಂತೆ ಕಾಣುತ್ತಿದ್ದಳು. ಕಣ್ಣು ಮುಚ್ಚಿ ಕೇಳಿದರೆ ಹಾಡು ಗೋಡೆ ಒಡೆಯುತ್ತಿತ್ತು. ಕಣ್ಣು ಬಿಟ್ಟರೆ ಅದೇ ಹಾಡು ಬಾಗಿಲಿಗೆ ಒರಗಿ ನಿಟ್ಟುಸಿರು ಬಿಡುತ್ತಿತ್ತು.

ದೊಡ್ಡಮ್ಮ ಅದನ್ನು ಗುಬ್ಬಿಯ ಫೋನಿನಲ್ಲಿ, ಅಡುಗೆಮನೆಯಲ್ಲಿ ನಿಂತೇ ನೋಡಿದಳು. ಮೊದಲು ಕಿಸಕ್ಕನೆ ನಕ್ಕಳು. ಆಮೇಲೆ ಮುಖ ಬಿಗಿಯಿತು.

"ಈ ಮಗು ಯಾರಿಗೆ ಕಾಯ್ತಾ ಇದೆ?"

"ಗೊತ್ತಿಲ್ಲ ದೊಡ್ಡಮ್ಮ. ಹಾಗೆ ಕಾಣಬೇಕು ಅಂದ್ರು."

"ನನ್ನ ಹಾಡಲ್ಲಿ ಯಾರೂ ಯಾರಿಗೂ ಕಾಯಲ್ಲ ಕಣೇ. ನನ್ನ ಗಂಟಲು ಬೇಕು, ಮುಖ ಬೇಡ ಅಂದ್ರೆ ಏನರ್ಥ? ಇದನ್ನು ಕಟ್ಟಿದವಳು ನೀನು ತಾನೇ?"

ಹೌದು, ಕಟ್ಟಿದವಳು ಗುಬ್ಬಿಯೇ. ಕೆಡವುವುದಕ್ಕೂ ಅವಳಿಗೇ ಬರುತ್ತಿತ್ತು.

ರಜೆ ಹಾಕಿ ಸ್ವಂತ ಹಳೆಯ ಕ್ಯಾಮೆರಾ ಹೆಗಲಿಗೇರಿಸಿ ಲಾಂಡ್ರಿಗೆ ಹೋದಳು. ಹೆಂಗಸರು, "ಅಯ್ಯೋ, ನಮ್ಮ ಈ ಅವತಾರದಲ್ಲಾ?" ಎಂದು ಕೂದಲು ಸರಿಮಾಡಿಕೊಂಡರು. "ಇದೇ ಅವತಾರ ಬೇಕು" ಎಂದಳು ಗುಬ್ಬಿ. ಟ್ಯೂಬ್‌ಲೈಟಿನ ಪೇಲವ ಬೆಳಕನ್ನು ಇದ್ದಹಾಗೇ ಬಿಟ್ಟಳು. ಹೊಗೆಯ ಯಂತ್ರವೇಕೆ? ಕುದಿನೀರಿನ ಹಬೆಯೇ ಮುಖಕ್ಕೆ ರಾಚುತ್ತಿತ್ತು. ಅವಳು ನೆಲಕ್ಕೆ ಮೊಣಕಾಲೂರಿ ಕೂತು ಕೆಳಗಿನಿಂದ ನೋಡಿದಾಗ, ದಿನವೂ ಬೆನ್ನು ಬಗ್ಗಿಸುವ ಹೆಂಗಸರು ಕಂಬಗಳ ಹಾಗೆ ನಿಂತರು. ಬಟ್ಟೆ ಕಲ್ಲಿಗೆ ಬಡಿದ ಸದ್ದಿಗೆ ಸರಿಯಾಗಿ ಒಂದೊಂದು ಮುಖವನ್ನು ತಂದಳು. ಎಲ್ಲಿಯೂ ವೇಗ ತಗ್ಗಿಸಲಿಲ್ಲ.

ಕೊನೆಯ ನುಡಿಗೆ ಕತ್ತರಿಯನ್ನೇ ಮುಟ್ಟಲಿಲ್ಲ. ದೊಡ್ಡಮ್ಮ ಹಬೆಯೊಳಗಿಂದ ಹಾಡುತ್ತಾ ನೇರವಾಗಿ ಕ್ಯಾಮೆರಾದ ಕಡೆಗೇ ಬಂದಳು. ಗುಬ್ಬಿ ಹಿಂದೆ ಹಿಂದೆ ಸರಿದಳು. ಬೆನ್ನು ಗೋಡೆಗೆ ಬಡಿದು ಚಿತ್ರ ಅಲುಗಿತು. ಇನ್ನು ಹಿಂದೆ ಸರಿಯಲು ಜಾಗವಿರಲಿಲ್ಲ. ದೊಡ್ಡಮ್ಮ ನಿಲ್ಲಲಿಲ್ಲ. ಸುಕ್ಕು, ಬೆವರು, ಹಲ್ಲುದುರಿದ ಸಂದು ಎಲ್ಲ ಸೇರಿ ಪರದೆ ತುಂಬ ಒಂದೇ ಮುಖ. ಆ ಅಲುಗಾಟವನ್ನೂ ಗುಬ್ಬಿ ಉಳಿಸಿಕೊಂಡಳು.

ಗುಬ್ಬಿ ಸ್ಟುಡಿಯೋದಲ್ಲಿ ತೋರಿಸಿದ್ದನ್ನು ನಿರ್ದೇಶಕ ಪೂರ್ತಿ ನೋಡಿದ. ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಜರುಗಿದ್ದನ್ನು ಗುಬ್ಬಿ ಗಮನಿಸಿದಳು.

"ಇದು ಹಾಡಲ್ಲ ಕಣಮ್ಮ, ಜಗಳ."

"ಹೌದು ಸರ್. ಜಗಳವೇ."

"ಜನ ದುಡಿದು ಬಂದು ಕೂತಿರ್ತಾರೆ. ಅವರಿಗೆ ಹಿತವಾಗಿರೋದು ಬೇಕು."

"ಇವರೂ ದುಡಿಯೋ ಜನವೇ, ಸರ್. ಹಿತವಾಗಿರೋದನ್ನು ಇವರು ಹಾಡಲಿಲ್ಲ."

"ನಾನು ಮಾಡಿಸಿದ್ದೇ ಬಿಡುಗಡೆಯಾಗುತ್ತೆ. ಇಷ್ಟವಿಲ್ಲದಿದ್ರೆ ಬಾಗಿಲು ಅಲ್ಲಿದೆ."

"ಹೋಗ್ತೀನಿ. ದೊಡ್ಡಮ್ಮ ಒಪ್ಪಿಲ್ಲ, ಅವಳ ದನಿ ತೆಗೀರಿ." ಗುಬ್ಬಿ ತನ್ನ ಕ್ಯಾಮೆರಾ ಹೆಗಲಿಗೇರಿಸಿಕೊಂಡಳು.

ಅವನು ಬೇರೆ ಗಾಯಕಿಯನ್ನು ಕರೆಸಿ, ಅದೇ ಹಾಡನ್ನು ಜೋಗುಳದಂತೆ ಹಾಡಿಸಿ ಬಿಡುಗಡೆ ಮಾಡಿದ. ಜನ ಮೆಚ್ಚಿದರು, ಸುಳ್ಳೇಕೆ, ಬಹಳವೇ ಮೆಚ್ಚಿದರು. ಗುಬ್ಬಿ ಮದುವೆಗಳಲ್ಲಿ ವಿಡಿಯೋ ತೆಗೆಯತೊಡಗಿದಳು. ಲಾಂಡ್ರಿಯ ಹಾಡನ್ನು ಹೆಂಗಸರೆಲ್ಲ ಸೇರಿ ತಮ್ಮ ಫೋನುಗಳಿಂದಲೇ ಹಂಚಿದರು. ಅದು ಮೊದಲು ಅವರವರ ಮನೆಗಳಿಗೆ ಹೋಯಿತು. ಆಮೇಲೆ ಎಲ್ಲಿಯದೋ ನೂಲಿನ ಗಿರಣಿಯ ಹೆಂಗಸರು ಅದೇ ಹಾಡನ್ನು ಕ್ಯಾಮೆರಾದ ಕಡೆಗೆ ನಡೆದುಬರುತ್ತಾ ಹಾಡಿ ಕಳಿಸಿದರು. ಅದರ ಹಿಂದೆಯೇ ಮೀನು ಸೀಳುವವರದೂ ಬಂತು. ಯಾರೂ ಹಳದಿ ಬಳಿದಿರಲಿಲ್ಲ.

ನಿರ್ದೇಶಕನ ಫೋನ್ ಬಂದಾಗ ಗುಬ್ಬಿ ಲಾಂಡ್ರಿಯಲ್ಲಿದ್ದಳು, ದೊಡ್ಡಮ್ಮ ಬಿಡುವಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಗುಬ್ಬಿ ಸ್ಪೀಕರ್ ಒತ್ತಿದಳು.

"ಆ ಕೊನೆಯ ಶಾಟ್ ನನಗೆ ಬೇಕು. ನುಡಿಗಳಿಗೆಲ್ಲ ಹುಡುಗಿ ಇರಲಿ, ಕೊನೆಗೆ ನಿಮ್ಮ ದೊಡ್ಡಮ್ಮ. ನಿನ್ನ ಹೆಸರೂ ಹಾಕ್ತೀನಿ."

ಗುಬ್ಬಿಗೆ ಒಂದು ಗಳಿಗೆ ಆಸೆಯಾಯಿತು. ಅವಳ ಹೆಸರು ಎಲ್ಲಿಯೂ ಬಂದದ್ದಿಲ್ಲ. ದೊಡ್ಡಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಕೊಡಲ್ಲ ಸರ್" ಎಂದಳು ಗುಬ್ಬಿ. "ಹಾಕೋದಾದ್ರೆ ಪೂರ್ತಿ ಹಾಕಿ. ಮೊದಲಿಂದ."

ಅತ್ತ ಕಡೆ ಫೋನ್ ಕುಕ್ಕಿದ ಸದ್ದಾಯಿತು. ದೊಡ್ಡಮ್ಮ ಗಟ್ಟಿಯಾಗಿ ನಗುತ್ತಾ ಒದ್ದೆ ಬಟ್ಟೆಯ ಒಂದು ತುದಿಯನ್ನು ಅವಳ ಕೈಗೆ ತುರುಕಿದಳು.

"ಹಿಡಿಯೇ, ಬಿಗಿಯಾಗಿ ಹಿಡಿ. ಇವತ್ತು ನೀನೇ ಎತ್ತಿಕೋ ಹಾಡು."

ಗುಬ್ಬಿಗೆ ಹಾಡಲು ಬರುತ್ತಿರಲಿಲ್ಲ. ಆದರೂ ಶ್ರುತಿಯ ಗೊಡವೆಯಿಲ್ಲದೆ, ಇದ್ದಷ್ಟು ಗಂಟಲಿನಿಂದ ಶುರುಮಾಡಿದಳು.