ನಡುವಿನ ಪೈಪು

ರೋಹಿಣಿ ಮಳೆ ಒಂದು ಹದ ಬಿದ್ದು, ಗುತ್ತಲದ ರಸ್ತೆಯ ತುಂಬ ಬೀಜ-ಗೊಬ್ಬರದ ಟ್ರ್ಯಾಕ್ಟರುಗಳು ಓಡಾಡುತ್ತಿದ್ದ ಮುಂಜಾನೆ. ಅಳಿಯ ಮುಜಾಫರನ ಬೈಕು ಕಣ್ಣಿಗೆ ಬೀಳುವ ಮೊದಲೇ ಅದರ ಮುಂದಿನ ಗಾಲಿಯ ಗರಗರ ಸದ್ದು ಗೂಡುಸಾಬನ ಗ್ಯಾರೇಜಿಗೆ ಕೇಳಿಸಿತು.

ಮುಜಾಫರ ಬ್ಯಾಡಗಿಯಿಂದ ಬಂದದ್ದು ಮಗಳನ್ನು ಕರೆದೊಯ್ಯಲು. ಸಿಮ್ರಾನಳನ್ನು ಹಡೆದ ಬಾಣಂತನದಲ್ಲೇ ಆಯಿಶಾ ತೀರಿಕೊಂಡಿದ್ದಳು. ಅಂದಿನಿಂದ ಕೂಸನ್ನು ಸಾಕಿದವರು ಆಯಿಶಾಳ ಅಪ್ಪ ಗೂಡುಸಾಬ, ತಾಯಿ ಕುಲ್ಸುಮಬಿ. "ಸಾಲಿಗೆ ಹಾಕೂ ಮುಂದ ಒಯ್ತೇನಿ" ಎಂದು ಮುಜಾಫರ ಆಗಲೇ ಹೇಳಿದ್ದ. ಈಗ ಅವನಿಗೆ ಮತ್ತೆ ಮದುವೆಯಾಗಿತ್ತು, ಶಾಲೆಯೂ ಶುರುವಾಗುವುದಿತ್ತು.

"ಮಾಮು, ಗಾಲಿ ಒಂದೀಟು ನೋಡ್ರಿ. ಹಾವೇರಿ ದಾಟಿದ ಮ್ಯಾಲೆ ಅಲಗಾಡಾಕತ್ತೈತಿ."

ಗೂಡುಸಾಬ ಗಾಲಿ ಹಿಡಿದು ಆಚೀಚೆ ಜಗ್ಗಿ ನೋಡಿದ. "ಬೇರಿಂಗ್ ಸವದಾವ."

ತನ್ನ ಮೊಪೆಡ್ ರಿಪೇರಿಗೆ ಬಿಟ್ಟು ಕುಳಿತಿದ್ದ ಐರಣಿಯ ಹಾಲಸಿದ್ದಪ್ಪನಿಗೆ ಇದೇನೂ ಗೊತ್ತಿರಲಿಲ್ಲ. "ಅಳಿಯ ಬಂದ್ರ ಕೋಳಿ ಕೊಯ್ಯೂದು ಬಿಟ್ಟು ಗಾಲಿ ಬಿಚ್ಚತೀಯಲ್ಲೋ ಸಾಬಾ!" ಎಂದು ಒಬ್ಬನೇ ನಕ್ಕ.

ಮನೆ ಗ್ಯಾರೇಜಿನ ಹಿಂದೆಯೇ. ಚಹಾ ತಂದ ಕುಲ್ಸುಮಬಿ ಗಂಡನ ಕಿವಿಯ ಬಳಿ ಬಗ್ಗಿದಳು. "ಬೇರಿಂಗ್ ಇಲ್ಲ ಅನ್ರಿ. ರಾಣೆಬೆನ್ನೂರಿಂದ ತರಸಬೇಕು ಅನ್ರಿ. ಇವತ್ತೊಂದಿನ ಕೂಸು ನನ್ನ ಮಗ್ಗಲಾಗ ಮಲಗಲಿ."

ಗೂಡುಸಾಬ ಗಾಲಿ ಬಿಚ್ಚಿದ. ರಾಡು ಇಟ್ಟು ಹೊಡೆದು ಹಳೆಯ ಬೇರಿಂಗ್ ಎರಡನ್ನೂ ಕೆಡವಿದ. ಅವೆರಡೂ ಬಿಗಿದುಕೊಳ್ಳದಂತೆ ದೂರ ಹಿಡಿಯುವ ನಡುವಿನ ಪೈಪು ನೆಲಕ್ಕೆ ಉರುಳಿತು. ಹೊಸವನ್ನು ಬಡಿದು ಕೂರಿಸಿ, ಗಾಲಿ ಜೋಡಿಸಿ ನಟ್ಟು ಬಿಗಿದ. ಗಾಲಿ ತಿರುಗಲಿಲ್ಲ.

ಅವನ ಕೈ ಎಂದೂ ಹೀಗೆ ತಪ್ಪಿದ್ದಿಲ್ಲ. ಸುತ್ತ ನೋಡಿದ. ಹೊಸ ಫ್ರಾಕು ತೊಟ್ಟು ಹೊಸ್ತಿಲ ಮೇಲೆ ಕುಳಿತಿದ್ದ ಸಿಮ್ರಾನ, ಆ ಪೈಪನ್ನು ಕಣ್ಣಿಗೆ ಹಿಡಿದು ಅಪ್ಪನನ್ನು ನೋಡುತ್ತಿದ್ದಳು.

"ನಾನಾ, ಅಬ್ಬಾನ ಮೂಗಷ್ಟ ಕಾಣಾಕತ್ತೈತಿ!" ಎಂದು ಅಜ್ಜನಿಗೆ ಕೂಗಿ ಹೇಳಿದಳು.

"ನಡುವಿನ ಪೈಪು ಹಾಕೂದ ಮರತ್ಯಾ? ಮುದುಕಾದಿ ಬಿಡೋ ಸಾಬಾ," ಎಂದ ಹಾಲಸಿದ್ದಪ್ಪ.

ಮತ್ತೆ ಗಾಲಿ ಬಿಚ್ಚಿ ಒಂದು ಬೇರಿಂಗನ್ನು ಹೊಡೆದು ತೆಗೆಯಬೇಕಾಯಿತು. ಒಳಗಿನಿಂದ ಪೆಟ್ಟು ತಿಂದದ್ದು ಹೊಸದಾದರೂ ಕೆಟ್ಟಂತೆಯೇ. ಬೆರಳಲ್ಲಿ ತಿರುಗಿಸಿದರೆ ಕಸಕಸ ಅಂದಿತು. ಕುಲ್ಸುಮಬಿ ಅವನ ಮುಖವನ್ನೇ ನೋಡುತ್ತ ನಿಂತಳು.

"ಇನ್ನೊಂದು ಐತೇನ್ರಿ ಮಾಮು? ಇಲ್ಲಂದ್ರ ಹಳೇದ ಹಾಕ್ರಿ. ಸಾವಕಾಶ ಹೊಡಕೊಂಡು ಹೊಕ್ಕೇನಿ," ಎಂದ ಮುಜಾಫರ.

ಹಳೆಯ ಬೇರಿಂಗಿನ ಉಕ್ಕಿನ ಗುಂಡೊಂದು ಕಳಚಿ ಮಣ್ಣಿನಲ್ಲಿ ಬಿದ್ದಿತ್ತು. ಗೂಡುಸಾಬ ಅದನ್ನು ನೋಡಿದ. ಆಮೇಲೆ ಮೊಮ್ಮಗಳನ್ನು ನೋಡಿದ.

"ಐತಿ," ಎಂದ.

ಕುಲ್ಸುಮಬಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಗೂಡುಸಾಬ ಕೂಸಿನ ಕೈಯಿಂದ ಪೈಪು ಕೇಳಿ ತೆಗೆದುಕೊಂಡ. ಈ ಸಲ ಗಾಲಿ ಹಗುರಾಗಿ ತಿರುಗಿತು. ಸಿಮ್ರಾನಳನ್ನು ತಾನೇ ಎತ್ತಿ ಟ್ಯಾಂಕಿನ ಮೇಲೆ ಕೂಡಿಸಿದ.

"ಗಟ್ಟಿ ಹಿಡಕೋ ಅವ್ವಾ."

"ಸಂಜೀಕ ಬಂದ ಬಿಡ್ತೇನಿ ನಾನಾ. ನನ್ನ ರೊಟ್ಟಿ ಬೆಕ್ಕಿಗೆ ಹಾಕಬ್ಯಾಡಂತ ನಾನೀಗೆ ಹೇಳು," ಎಂದಳು, ಅಜ್ಜಿ ಹೋದ ಬಾಗಿಲತ್ತ ನೋಡುತ್ತ.

ಅಂದು ಶುಕ್ರವಾರ. ಮಧ್ಯಾಹ್ನದ ನಮಾಜಿಗೆ ಮಸೀದಿಯ ಬಾಂಗು ಕೇಳಿದಾಗ ಗೂಡುಸಾಬ ಕೈಗೆ ಸಾಬೂನು ಪುಡಿ ಹಚ್ಚಿಕೊಂಡು ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತ. ಕುಲ್ಸುಮಬಿ ತಂಬಿಗೆಯಿಂದ ನೀರು ಹಾಕಿದಳು. ಕೈಯ ಗ್ರೀಸ್ ಹೋದ ಮೇಲೂ ಹಾಕುತ್ತಲೇ ಇದ್ದಳು. ಅವನೂ ಕೈ ಒಡ್ಡಿಕೊಂಡೇ ಇದ್ದ.