ಸಪ್ಪೆ ಹರಕೆಯ ಸೀರೆ

ಸುಶ್ಮಿತಾ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಏಳಲಾರದೆ ಅಲ್ಲೇ ಗೋಡೆಗೆ ಒರಗಿದ್ದಳು. ಬಿಗಿ ಹಿಡಿದಿದ್ದ ಅವಳ ಮುಷ್ಟಿಯನ್ನು ನನ್ನ ಸೊಸೆ ಸಕ್ರವ್ವ ಬಿಡಿಸಿ ನೋಡಿದಳು. ಒಳಗೆ ಹರಳುಪ್ಪು.

"ನೋಡ್ರಿ ಅತ್ತಿ, ನಿಮ್ಮ ಮೊಮ್ಮಗನ ಹೇಣ್ತಿ ಮಾಡಿದ್ದನ್ನ! ತಾಯಿ ಸೀರಿ ಮಗ್ಗದ ಮ್ಯಾಲೈತಿ, ಈಕಿ ಕುಣ್ಯಾಗ ಕುಂತು ಉಪ್ಪು ನೆಕ್ಕಾಕತ್ತಾಳ!"

ಇಳಕಲ್ಲಿನ ನಮ್ಮ ಮನೆಯ ಹಳೆಯ ರೂಢಿ ಅದು. ಬಾದಾಮಿ ಬನಶಂಕರಿಗೆ ಹರಕೆಯ ಸೀರೆಗೆ ನೂಲು ಹಾಸಿದರೆ, ಮಗ್ಗದಿಂದ ಅದು ಇಳಿಯುವವರೆಗೂ ನೇಯುವವರು ಉಪ್ಪು ಮುಟ್ಟಬಾರದು. ನಾನೂ ಹಾಗೆ ನೇಯ್ದವಳೇ, ನನಗೇನೂ ಆಗಿರಲಿಲ್ಲ. ಈ ಸಲದ ಹರಕೆ ಸಕ್ರವ್ವನದು: ಸುಶ್ಮಿತಾಗೆ ಇನ್ನೊಂದು ಕೂಸಾಗಲಿ ಎಂದು. ಮೊದಲ ಮಗಳು ಐಶ್ವರ್ಯ ಶಾಲೆಗೆ ಹೋಗುತ್ತಿದ್ದರೂ ಆ ಹೆರಿಗೆಯ ಮೇಲೆ ಸುಶ್ಮಿತಾಗೆ ಮುಟ್ಟು ತಿರುಗಿ ಬಂದಿರಲಿಲ್ಲ. ಸದಾ ದಣಿವು. ಬೇಸಿಗೆಯಲ್ಲೂ ಚಾದರ ಹೊದೆಯುತ್ತಿದ್ದಳು. ಸಕ್ರವ್ವ ಅದಕ್ಕೆ ಮೈಗಳ್ಳತನ ಎಂದು ಹೆಸರಿಟ್ಟಿದ್ದಳು.

ಹಿಂದಿನ ದಿನದಿಂದ ಅವಳಿಗೆ ಜ್ವರ, ವಾಂತಿ. ಈಗ ಮುಟ್ಟಿದರೆ ಮೈ ತಣ್ಣಗೆ, ಮುಖ ಬಿಳಿಚಿತ್ತು.

"ಪ್ರಭು, ಗಾಡಿ ತಗೊಂಡ ಬಾ," ಅಂದೆ. "ಬಾಗಲಕೋಟಿಗೆ ಹೋಗೂನು."

ಅವಳ ಗಂಡ ಓಣಿಯವರ ಕಾರು ತಂದ. ನಾವಿಬ್ಬರು ಮುದುಕಿಯರು ಅವಳನ್ನು ನಡುವೆ ಕೂರಿಸಿಕೊಂಡೆವು. ಹುನಗುಂದ ದಾಟುವಾಗ ಅವಳು ನನ್ನ ಕೈ ಹಿಡಿದಳು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ.

"ಆಯಿ... ಉಪ್ಪು."

"ಬ್ಯಾಡ್ರಿ ಅತ್ತಿ!" ಸಕ್ರವ್ವ ಅಡ್ಡ ಬಂದಳು. "ತಪ್ಪು ಮಾಡಿದ್ದಕ್ಕ ತಾಯಿ ಕಾಡಾಕತ್ತಾಳ. ಇನ್ನ ಕೊಟ್ರ ಈಕಿನ್ನ ಒಯ್ದ ಬಿಡ್ತಾಳ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಹುಡುಗಿ ಸಾಯುವಳೆಂಬ ಹೆದರಿಕೆ ನಮ್ಮಿಬ್ಬರಿಗೂ ಒಂದೇ. ಸಕ್ರವ್ವ ಉಪ್ಪು ಕೊಟ್ಟರೆ ಸಾಯುತ್ತಾಳೆ ಎನ್ನುತ್ತಿದ್ದಳು, ನನಗೆ ಕೊಡದಿದ್ದರೆ ಸಾಯುತ್ತಾಳೆನ್ನುವ ಅನುಮಾನ.

ಅಮೀನಗಡದಲ್ಲಿ ಕರದಂಟಿನ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿದೆ. ಪ್ರಭು ಮಜ್ಜಿಗೆಯನ್ನೂ ಚೂರು ಉಪ್ಪನ್ನೂ ತಂದ. ನಾನು ಅದಕ್ಕೆ ಉಪ್ಪು ಕದಡಿದೆ.

"ಶಾಪ ಬಂದ್ರ ನನಗ ಬರ್ಲಿ ಬಿಡು. ನಾ ಉಂಡಿದ್ದು ಸಾಕಾಗೈತಿ."

ಸಕ್ರವ್ವ ಮುಖ ತಿರುಗಿಸಿದಳು. ಸುಶ್ಮಿತಾ ಗುಟುಕು ಗುಟುಕಾಗಿ ಕುಡಿದಳು. ಕಮತಗಿ ಬರುವುದರೊಳಗೆ ಅರ್ಧಕ್ಕರ್ಧ ಹೊರಬಂತು. ಕೂಗಿದರೆ ಕಣ್ಣು ತೆರೆಯುತ್ತಿದ್ದಳು, ಆಮೇಲೆ ಅದೂ ನಿಂತಿತು. ಪ್ರಭು ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ.

ಬಾಗಲಕೋಟೆ ವಿದ್ಯಾಗಿರಿಯ ದವಾಖಾನೆಯಲ್ಲಿ ಸಾಯಿಮಾ ಎಂಬ ಡಾಕ್ಟರು ಅವಳ ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. ದಣಿವು, ಚಳಿ, ಮುಟ್ಟು ನಿಂತದ್ದು ಎಲ್ಲ ನಮ್ಮಿಂದ ತಿಳಿದುಕೊಂಡು, ಸಲೈನ್ ಹಚ್ಚಿಸುತ್ತಲೇ ಕೇಳಿದರು, "ಹೆರಿಗಿ ಹ್ಯಾಂಗಾಗಿತ್ರಿ? ರಕ್ತ ಭಾಳ ಹೋಗಿತ್ತೇನು?"

ಸಕ್ರವ್ವ, "ಎಲ್ಲಾರ್ಗೂ ಹೋಗ್ತೈತ್ರಿ," ಅಂದಳು.

ನನಗೆ ಆ ದಿನ ಕಣ್ಣಿಗೆ ಕಟ್ಟಿದಂತಿದೆ. "ಹಂಗಲ್ರಿ ಡಾಕ್ಟರಬಾಯಿ. ಹಾಸಿಗಿ ತೊಯ್ದು ಕೆಳಗ ಇಳದಿತ್ತು. ಈಕಿಗೆ ಎಚ್ಚರನ ಇರಲಿಲ್ಲ. ರಕ್ತದ ಬಾಟಲಿ ಏರಿಸಿದ್ರು."

"ಎದಿಹಾಲು?"

"ಒಂದು ಹನಿನೂ ಬರಲಿಲ್ರಿ. ಕೂಸಿಗೆ ಆಡಿನ ಹಾಲು ಹಾಕಿ ಬೆಳಸೀವಿ."

ಡಾಕ್ಟರು ನರ್ಸಿನ ಕಡೆ ತಿರುಗಿ ಒಂದು ಇಂಜೆಕ್ಷನ್ನಿನ ಹೆಸರು ಹೇಳಿದರು. "ರಿಪೋರ್ಟ್ ಆಮ್ಯಾಲೆ ಬರ್ಲಿ, ಇದನ್ನ ಈಗ ಕೊಡ್ರಿ."

ಔಷಧ ನರಕ್ಕಿಳಿಯುವಾಗ ಅವರು ನಮಗೆ ತಿಳಿಸಿ ಹೇಳಿದರು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗ್ರಂಥಿಯಿದೆಯಂತೆ. ಹಾಲು ಬರುವುದಕ್ಕೆ, ಮುಟ್ಟಿಗೆ, ಮೈಯ ಬಿಸಿಗೆ, ಜ್ವರ ಬಂದಾಗ ತಡೆದುಕೊಳ್ಳುವ ಬಲಕ್ಕೆ ಹುಕುಂ ಹೊರಡುವುದು ಅಲ್ಲಿಂದಲೇ. ಆ ಹುಕುಮನ್ನು ರಕ್ತದಲ್ಲಿ ಹೊತ್ತು ತಿರುಗುವುದು ಹಾರ್ಮೋನು. ಹೆರಿಗೆಯಲ್ಲಿ ರಕ್ತ ಹೋದಾಗ ಆ ಕಾಳು ಒಣಗಿಹೋಗಿತ್ತು.

"ಇಷ್ಟು ವರ್ಷ ಹ್ಯಾಂಗೋ ನಡದೈತಿ. ಈಗ ಜ್ವರ ಬಂತು, ಅದರ ಮ್ಯಾಲೆ ನೀವು ಉಪ್ಪು ಬಿಡಿಸೀರಿ. ರಕ್ತದಾಗಿನ ಉಪ್ಪೂ ಇಳದೈತಿ."

"ಮೈಗಳ್ಳಿ ಅಂತಿದ್ನೆಲ್ಲವ್ವಾ," ಎಂದಳು ಸಕ್ರವ್ವ. ಯಾರಿಗೆ ಹೇಳಿದಳೋ.

"ಉಳೀತಾಳೇನ್ರಿ?" ಪ್ರಭು ಕೇಳಿದ.

"ನೋಡೂಣ."

ಬಿ.ಪಿ. ಮಿಷಿನ್ನಿನ ಪಟ್ಟಿ ಅವಳ ತೋಳಿನ ಮೇಲೆ ಉಬ್ಬಿ ಬಿಗಿಯುತ್ತಿತ್ತು, ಮತ್ತೆ ಸಡಿಲಾಗುತ್ತಿತ್ತು. ಪ್ರತಿ ಸಲವೂ ನಾವು ಮೂವರೂ ನರ್ಸಿನ ಮುಖವನ್ನೇ ನೋಡುತ್ತಿದ್ದೆವು. ಅವಳು ಅಂಕಿ ಬರೆದುಕೊಂಡು ಹೋಗುತ್ತಿದ್ದಳು. ಬಿಸಿಲು ಕಿಟಕಿಯಿಂದ ಮಂಚದ ಕಾಲಿಗೆ ಬಂದಾಗ, ಪಟ್ಟಿ ಸಡಿಲಾದ ಮೇಲೆ ನರ್ಸು ಮೊದಲ ಸಲ, "ಏರಾಕತ್ತೈತ್ರಿ," ಎಂದಳು.

ಸಂಜೆಗೆ ಸುಶ್ಮಿತಾ ಕಣ್ಣು ಬಿಟ್ಟಳು.

"ಈ ಗುಳಿಗಿ ಜೀವ ಇರೂತನಕ ನುಂಗಬೇಕು," ಎಂದರು ಡಾಕ್ಟರು. "ಒಂದು ದಿನಾನೂ ಬಿಡಂಗಿಲ್ಲ."

"ಹರಕಿಗೂ ಬಿಡಬಾರದೇನ್ರಿ?" ಸಕ್ರವ್ವ ಕೇಳಿದಳು.

"ಯಾವ ಹರಕಿಗೂ ಬ್ಯಾಡ."

"ಮತ್ತ... ಇನ್ನೊಂದು ಕೂಸು?"

"ಮೊದಲ ಈಕಿ ಎದ್ದು ಓಡಾಡ್ಲಿ."

ಪ್ರಭು ಹೊರಗಿನಿಂದ ಗಂಜಿ ತಂದ. ಸುಶ್ಮಿತಾ ಅತ್ತೆಯ ಮುಖ ನೋಡಿ ಹೆದರುತ್ತಲೇ ಹೇಳಿದಳು, "ಅತ್ತಿ, ಸೀರಿ ಸೆರಗು ಉಳದೈತಿ..."

"ಸೆರಗು ನಾ ನೇಯ್ತೇನಿ. ನೀ ಬಾಯಿ ತಗಿ."

ಸಕ್ರವ್ವ ಚಮಚೆಯಿಂದ ಗಂಜಿಯ ಒಂದು ಹನಿಯನ್ನು ಅಂಗೈಗೆ ಹಾಕಿ ನೆಕ್ಕಿ ನೋಡಿದಳು. ಮುಖ ಸಿಂಡರಿಸಿದಳು.

"ಪ್ರಭು, ಓಡು. ಉಪ್ಪು ತಗೊಂಡ ಬಾ. ಇದು ಸಪ್ಪೈತಿ."